ಎಡಗೈಗೆ ಸೂತಕವಿರಲಿಲ್ಲ

ಮೊನ್ನೆ ಶುಕ್ರವಾರ ಸಾಯಂಕಾಲ ನನ್ನ ಮೊಮ್ಮಗಳು ಅವಳ ಹೈಸ್ಕೂಲಿನ ಹಾಲಿನಲ್ಲಿ ಪಿಯಾನೋ ಬಾರಿಸಿದಳು. ಎರಡು ಕೈಯಲ್ಲೂ ಬಾರಿಸಿದಳು. ಪಿಯಾನೋವನ್ನು ಎಲ್ಲರೂ ಎರಡು ಕೈಯಲ್ಲೇ ಬಾರಿಸುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ ಎಂದು ನೀವು ಕೇಳಬಹುದು. ಹೆಚ್ಚುಗಾರಿಕೆ ಇದೆ. ಅದನ್ನು ಹೇಳಿಕೊಳ್ಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಫೋನಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದಾಯಿತು. "ಅಮ್ಮಾ, ಅವ್ರಿಗೆ ನಿನ್ನೇನೇ ಹೇಳಿದೀಯ, ಇವತ್ತು ಮತ್ತೆ ಅವ್ರಿಗೇ ಮಾಡಿದೀಯಲ್ಲ" ಎಂದು ಮಗಳು ನಗುತ್ತಾಳೆ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದರೆ ಮಗಳು ತಿದ್ದುತ್ತಾಳೆ, ಮಾತು ತಪ್ಪಿದರೆ ನೀವು ತಿದ್ದಿಕೊಳ್ಳಿ. ಖುಷಿ ಉಕ್ಕುತ್ತಿದೆ, ಸುಳ್ಳಲ್ಲ. ಆದರೆ ಹಾಲು ಉಕ್ಕಿ ಸುರಿದಾಗ ಪಾತ್ರೆಯ ತಳದಿಂದ ಸೀದ ವಾಸನೆಯೂ ಬರುತ್ತದಲ್ಲ, ಹಾಗೆ ಈ ಸಂತೋಷದ ಅಡಿಯಲ್ಲೂ ಒಂದು ಇದೆ.

ನಮ್ಮ ಯಜಮಾನರು ಹೋದ ಮೇಲೆ, ಇದ್ದೊಬ್ಬ ಮಗಳು ನನ್ನನ್ನು ನಂಜನಗೂಡಿನಿಂದ ಇಲ್ಲಿಗೆ, ಅಮೆರಿಕಕ್ಕೆ, ಕರೆಸಿಕೊಂಡಳು. ಎಂಬತ್ತರ ದಶಕದ ನಡುವಿನ ಮಾತು. ಆಗ ಅವರಿದ್ದದ್ದು ಸಮರ್‌ಸೆಟ್‌ನ ಒಂದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ. ಅಳಿಯಂದಿರು ದಿನಾ ಪಾರ್ಸಿಪನಿ ಎಂಬ ಊರಿನ ಆಫೀಸಿಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದರು. ಮಗಳೂ ಆಫೀಸಿಗೆ ಹೊರಡುತ್ತಿದ್ದಳು. ಮೊಮ್ಮಗಳು ಹಳದಿ ಬಸ್ಸು ಹತ್ತುತ್ತಿದ್ದಳು. ಆಮೇಲೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಗುಂಯ್ ಶಬ್ದ, ಇಬ್ಬರೇ. ಮಗಳ ಮನೆಗೆ ಬಂದು ಕೂತವಳು ಎಂಬ ಮುಜುಗರ ಬೇರೆ. ಅಳಿಯಂದಿರು ಚಿನ್ನದಂಥವರು. ಆದರೂ ಅವರು ಸೋಫಾದ ಮೇಲೆ ಕೂತಿದ್ದರೆ ನಾನು ಅಡುಗೆಮನೆಯಿಂದ ಈಚೆಗೆ ಬರುತ್ತಿರಲಿಲ್ಲ. ನಾನು ಕೂತಿದ್ದರೆ ಅವರು ಬೂಟು ಬಿಚ್ಚುವ ನೆಪದಲ್ಲಿ ಬಾಗಿಲ ಹತ್ತಿರವೇ ನಿಂತುಬಿಡುತ್ತಿದ್ದರು. ಮರ್ಯಾದೆ ಕೊಡುವುದರಲ್ಲಿ ನಾವಿಬ್ಬರೂ ಪಂದ್ಯಕ್ಕೆ ಬಿದ್ದವರ ಹಾಗಿದ್ದೆವು.

ಅಲ್ಲಿ ಗೋಡೆ ಎಂದರೆ ಗೋಡೆಯಲ್ಲ, ದಪ್ಪ ರಟ್ಟು. ಒಂದು ದಿನ ಊರಿನಿಂದ ತಂದ ಕಬ್ಬಿಣದ ಕುಟ್ಟಾಣಿಯನ್ನು ಆ ಗೋಡೆಯ ಹತ್ತಿರ ಇಟ್ಟುಕೊಂಡು ಚಟ್ನಿಪುಡಿಗೆ ಮೆಣಸಿನಕಾಯಿ ಕುಟ್ಟುತ್ತಿದ್ದೆ. ಮಿಕ್ಸಿ ಇತ್ತು, ಆದರೆ ಮಿಕ್ಸಿಯ ಪುಡಿ ನನ್ನ ನಾಲಿಗೆಗೆ ಹಿಡಿಸುವುದಿಲ್ಲ. ಠಣ್ ಠಣ್ ಎಂದು ಕುಟ್ಟುತ್ತಿದ್ದರೆ ಆಚೆ ಮನೆಯಿಂದ ಪಿಯಾನೋ ಶುರುವಾಯಿತು. ನಾನು ನಿಲ್ಲಿಸಿದೆ, ಅದೂ ನಿಂತಿತು. ಮತ್ತೆ ಕುಟ್ಟಿದೆ, ಅದೂ ಹೊರಟಿತು. ಬೇಕೆಂದೇ ಬೇಗ ಬೇಗ ಕುಟ್ಟಿದೆ, ಅದೂ ಓಡಿತು. ನಡುವೆ ಒಂದು ಪೆಟ್ಟು ನುಂಗಿದೆ. ನಾನು ನುಂಗಿದ ಜಾಗದಲ್ಲಿ ಆಚೆಯವರು ಟಣಕ್ ಎಂದು ಒಂದು ಸ್ವರ ಇಟ್ಟರು! ಮೆಣಸಿನ ಘಾಟಿಗೆ ಕೆಮ್ಮು, ಕೆಮ್ಮಿನ ನಡುವೆ ನಗು. ಈ ದೇಶಕ್ಕೆ ಬಂದ ಮೇಲೆ ನಾನು ಒಬ್ಬಳೇ ಇದ್ದಾಗ ನಕ್ಕಿದ್ದು ಅದೇ ಮೊದಲು.

ಸಾಯಂಕಾಲ ಬಾಗಿಲು ತಟ್ಟಿದರು. ಮಗಳು ಹೆದರಿದಳು, ಶಬ್ದ ಜಾಸ್ತಿ ಎಂದು ಕಂಪ್ಲೇಂಟ್ ಮಾಡಲು ಬಂದರೇನೋ ಎಂದು. ತೆರೆದರೆ ಉದ್ದಕ್ಕೆ, ತೆಳ್ಳಗೆ, ಹತ್ತಿಯಂಥ ಕೂದಲಿನ ಒಬ್ಬ ಬಿಳಿಯ ಮುದುಕರು.

"ಹೂ ಈಸ್ ದ ಡ್ರಮ್ಮರ್?" ಎಂದು ಕೇಳಿದರು.

"ಮೈ ಅಜ್ಜಿ!" ಎಂದಳು ಏಳು ವರ್ಷದ ನನ್ನ ಮೊಮ್ಮಗಳು, ನನ್ನ ಸೆರಗು ಹಿಡಿದು ಮುಂದಕ್ಕೆ ಎಳೆಯುತ್ತಾ.

ಅವರು ನನಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಅವತ್ತಿನಿಂದ ಅವರಿಗೆ ನಾನು 'ಅಜ್ಜಿ', ಮೊಮ್ಮಗಳಿಗೆ ಅವರು 'ಪಿಯಾನೋ ತಾತ'. ನನಗೂ ಅವರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ನಾನು ಮನಸ್ಸಿನಲ್ಲಿ ಪಿಯಾನೋ ಯಜಮಾನರು ಎಂದುಕೊಳ್ಳುತ್ತಿದ್ದೆ.

ಸ್ಕೂಲಿನಿಂದ ಬಂದ ಮೇಲೆ ಮೊಮ್ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋಗುವುದು ರೂಢಿಯಾಯಿತು. ಬರಿಗೈಯಲ್ಲಿ ಹೋಗಬಾರದು ಎಂದು ಒಂದು ದಿನ ಚಕ್ಕುಲಿ, ಒಂದು ದಿನ ಕೋಡುಬಳೆ. ಅವರಿಗೆ ಇಷ್ಟವಾಗಿದ್ದು ಮಾತ್ರ ಚಟ್ನಿಪುಡಿ. ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಪುಡಿ ಉದುರಿಸಿ, ಕಣ್ಣಲ್ಲಿ ನೀರು ಸುರಿಸುತ್ತಾ ತಿನ್ನುತ್ತಿದ್ದರು. ನನಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ನಡುವೆ ಮೊಮ್ಮಗಳು. ಅವಳು ಅರ್ಧ ಹೇಳಿ ಅರ್ಧ ನುಂಗಿ ಬಿಡುತ್ತಿದ್ದಳು. ಅವರು ಬಹಳ ಹೊತ್ತು ಮಾತಾಡಿದರೆ, "ಅಜ್ಜಿ, ಹಿ ಈಸ್ ಸೇಯಿಂಗ್, ತುಂಬಾ ಕಷ್ಟ ಆಯ್ತಂತೆ" ಎಂದು ಒಂದೇ ಸಾಲು.

ಅವರು ಬಾರಿಸುತ್ತಿದ್ದ ಸಂಗೀತಕ್ಕೆ ರ‍್ಯಾಗ್‌ಟೈಮ್ ಎಂದು ಹೆಸರು. ಕೇಳಿದ ಮೊದಲ ದಿನವೇ ನನಗೆ ಅದು ಅರ್ಥವಾಯಿತು ಎಂದರೆ ನಗಬೇಡಿ. ನಮ್ಮಲ್ಲಿ ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕಿ ಭತ್ತ ಕುಟ್ಟುವುದಿಲ್ಲವೇ? ಒಬ್ಬಳು ಸುಮ್ಮನೆ, ಮಾತಿಲ್ಲದೆ, ಒಂದೇ ಸಮನೆ ಕುಟ್ಟುತ್ತಾಳೆ. ಇನ್ನೊಬ್ಬಳು ಊರ ಮೇಲಿನ ಸುದ್ದಿಯನ್ನೆಲ್ಲ ಹೇಳುತ್ತಾ, ನಗುತ್ತಾ, ಒಂದು ಸಲ ಮುಂಚೆ, ಒಂದು ಸಲ ತಡವಾಗಿ, ಇನ್ನೇನು ಒನಕೆಗೆ ಒನಕೆ ತಾಗಿತು ಅನ್ನುವಾಗ ತಪ್ಪಿಸಿ ಹಾಕುತ್ತಾಳೆ. ಅದೇ ಇದು. ಎಡಗೈ ಸುಮ್ಮನೆ ಕುಟ್ಟುವವಳು, ಬಲಗೈ ಮಾತುಗಾತಿ. ಜನ ಮಾತುಗಾತಿಯನ್ನು ಮೆಚ್ಚಿಕೊಳ್ಳುತ್ತಾರೆ. ಆದರೆ ಸುಮ್ಮನೆ ಕುಟ್ಟುವವಳು ನಿಲ್ಲಿಸಿದರೆ ಮಾತುಗಾತಿ ಮುಗ್ಗರಿಸುತ್ತಾಳೆ.

ಅವರ ಕಥೆ ನನಗೆ ತುಂಡು ತುಂಡಾಗಿ ಸಿಕ್ಕಿತು. ಹುಟ್ಟಿದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ, ಹಡಗು ಬರುವ ಊರು. ಹುಡುಗರಾಗಿದ್ದಾಗ ಯಾರೋ ನಾವಿಕ ತಂದುಕೊಟ್ಟ ಗ್ರಾಮಫೋನ್ ಪ್ಲೇಟಿನಲ್ಲಿ ಈ ಸಂಗೀತ ಕೇಳಿ ಹುಚ್ಚು ಹಿಡಿಯಿತಂತೆ. ಆಮೇಲೆ ಅಲ್ಲಿ ಬಂದ ಸರ್ಕಾರಕ್ಕೆ ಇದು ಆಗದು. ಕಪ್ಪು ಜನರ ಸಂಗೀತ, ಬಾರಿಸಿದರೆ ಪೊಲೀಸು. ಪಿಯಾನೋ ಮೇಲೆ ಹಾಸಿಗೆ, ರಜಾಯಿ ಎಲ್ಲ ಹೊದಿಸಿ, ಶಬ್ದ ಆಚೆ ಹೋಗದ ಹಾಗೆ ಬಾರಿಸುತ್ತಿದ್ದರಂತೆ. ಯುದ್ಧಕ್ಕೆ ಹೋಗಬೇಕಾಯಿತು, ಅಮೆರಿಕದವರ ಕೈಗೆ ಸಿಕ್ಕಿ ಸೆರೆಯಾದರು. ಆ ಸೆರೆಯಲ್ಲಿ ಒಂದು ಹಳೇ ಪಿಯಾನೋ ಇತ್ತು. ಕಾವಲಿಗಿದ್ದ ಕಪ್ಪು ಸಿಪಾಯಿಯೊಬ್ಬ ಇವರು ಬಾರಿಸಿದ್ದನ್ನು ಕೇಳಿ ಬಿದ್ದು ಬಿದ್ದು ನಕ್ಕನಂತೆ. "ನಿನ್ನ ಎಡಗೈ ಪರೇಡ್ ಮಾಡ್ತಿದೆ ಕಣಯ್ಯ. ಅದಕ್ಕೆ ನಡಿಯೋದು ಕಲಿಸು" ಎಂದನಂತೆ. ಇದನ್ನು ಹೇಳುವಾಗ ಪಿಯಾನೋ ಯಜಮಾನರು ಎದ್ದು ನಿಂತು ಮೊದಲು ಪರೇಡ್ ಮಾಡಿ ತೋರಿಸಿದರು, ಆಮೇಲೆ ಸಂತೆಗೆ ಹೋಗುವವರ ಹಾಗೆ ಸಡಿಲವಾಗಿ ನಡೆದು ತೋರಿಸಿದರು. ಮೊಮ್ಮಗಳು ಅವರ ಹಿಂದೆ ನಡೆದಳು. ನಾನು ಅವಳ ಹಿಂದೆ ನಡೆಯಲಿಲ್ಲ, ಆದರೆ ಮನಸ್ಸಾಗಿತ್ತು.

ಈ ಸಂಗೀತದ ತವರು ನೋಡಬೇಕು ಎಂದು ಹಡಗು ಹತ್ತಿ ನ್ಯೂಯಾರ್ಕಿಗೆ ಬಂದರು. ಬಂದು ನೋಡಿದರೆ ಇಲ್ಲಿಯವರೇ ಅದನ್ನು ಮರೆತಿದ್ದರು. ಹೋಟೆಲುಗಳಲ್ಲಿ ಜನ ಊಟ ಮಾಡುವಾಗ ಬಾರಿಸಿದರು, ಡ್ಯಾನ್ಸ್ ಕಲಿಸುವ ಸ್ಕೂಲಿನಲ್ಲಿ ಬಾರಿಸಿದರು, ಮದುವೆಗೆ ಬಾರಿಸಿದರು, ಎಲ್ಲೂ ಇಲ್ಲದಾಗ ಬೇರೆಯವರ ಪಿಯಾನೋ ರಿಪೇರಿ ಮಾಡಿದರು. ನಡುವೆ ಒಂದೆರಡು ವರ್ಷ ಯಾವುದೋ ಸಿನಿಮಾ ಬಂದು ಊರಿಗೆಲ್ಲ ರ‍್ಯಾಗ್‌ಟೈಮ್ ಹುಚ್ಚು ಹಿಡಿಯಿತು. ಆಗ ಇವರ ಎರಡು ರೆಕಾರ್ಡು ಬಂದವು. ಒಂದರ ಮೇಲೆ ಇವರದೇ ಫೋಟೋ, ಹ್ಯಾಟು ಹಾಕಿಕೊಂಡು, ಮದುಮಗನ ಹಾಗೆ. ಆಮೇಲೆ ಜನ ಮತ್ತೆ ಮರೆತರು. ಹೆಂಡತಿ ತೀರಿಹೋದರು. ಮಕ್ಕಳಿರಲಿಲ್ಲ.

ಆ ಎರಡು ರೆಕಾರ್ಡಿನಲ್ಲೂ ಇದ್ದದ್ದು ಬೇರೆಯವರು ಕಟ್ಟಿದ ಹಾಡುಗಳು. ಇವರು ತಾವೇ ಕಟ್ಟಿದ್ದು ಒಂದಿತ್ತು. ಜರ್ಮನಿಯವನು ಕಟ್ಟಿದ ರ‍್ಯಾಗ್‌ಟೈಮ್ ಯಾರು ಕೇಳುತ್ತಾರೆ ಎಂದು ರೆಕಾರ್ಡಿನವರು ನಕ್ಕುಬಿಟ್ಟರಂತೆ. ಕಾಗದದ ಮೇಲೂ ಇವರು ಬರೆದಿಡಲಿಲ್ಲ. "ಯಾರೂ ಕೇಳ್ಲಿಲ್ವಂತೆ ಅಜ್ಜಿ, ಅದಕ್ಕೇ ಬರೀಲಿಲ್ವಂತೆ" ಎಂದಳು ಮೊಮ್ಮಗಳು. ನಾಲ್ಕು ಜನರ ಮುಂದೆ, ಇದು ಇವರದು ಎಂದು ಹೆಸರು ಹೇಳಿ, ಒಂದೇ ಒಂದು ಸಲ ಅದನ್ನು ಬಾರಿಸಬೇಕು ಎನ್ನುವುದು ಅವರಿಗಿದ್ದ ಆಸೆ. ಆ ಆಸೆಯನ್ನು ಅವರು ಬಾಯಿಬಿಟ್ಟು ಹೇಳಿದ್ದು ಎಡಗೈ ಬಿದ್ದುಹೋದ ಮೇಲೆ.

ಕೈ ಬಿದ್ದದ್ದು ಗೊತ್ತಾಗಿದ್ದು ಮೊದಲು ನನಗೇ. ಎರಡನೇ ವರ್ಷದ ಚಳಿಗಾಲ. ನಾನು ಪಾತ್ರೆ ತೊಳೆಯುತ್ತಿದ್ದೆ. ಗೋಡೆಯ ಆಚೆ ಮಾತುಗಾತಿ ಒಬ್ಬಳೇ ಮಾತಾಡುತ್ತಿದ್ದಾಳೆ. ಸುಮ್ಮನೆ ಕುಟ್ಟುವವಳು ಇಲ್ಲ. ಮತ್ತೆ ಮೊದಲಿನಿಂದ ಶುರುವಾಯಿತು, ಮತ್ತೆ ಬಲಗೈ ಒಂದೇ. ನಲ್ಲಿ ನಿಲ್ಲಿಸದೆ ಓಡಿದೆ. ಯಜಮಾನರು ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದನ್ನು ಬೇರೆ ಯಾರದೋ ವಸ್ತುವಿನ ಹಾಗೆ ನೋಡುತ್ತಾ ಕೂತಿದ್ದರು. ಮಗಳು ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸಣ್ಣ ಸ್ಟ್ರೋಕು. ನಡೆಯುತ್ತಾರೆ, ಮಾತಾಡುತ್ತಾರೆ, ಆದರೆ ಎಡಗೈಯ ಬೆರಳು ಮೊದಲಿನ ಹಾಗಾಗುವುದಿಲ್ಲ ಎಂದರು.

ಈಗ ನನ್ನ ಮೊಮ್ಮಗಳ ಒಂದು ಸಂಗತಿ ಹೇಳಬೇಕು. ಅವಳು ಎಡಚಿ. ಊಟಕ್ಕೆ ಕೂತರೆ ಎಡಗೈ ಮುಂದೆ ಬರುತ್ತದೆ. "ಥೂ, ಆ ಕೈ ತೆಗಿ, ಎಡಗೈಲಿ ತಿಂತಾರಾ ಯಾರಾದ್ರೂ?" ಎನ್ನುವುದು ನನ್ನ ದಿನದ ಮಂತ್ರವಾಗಿತ್ತು. ದೇವರಿಗೆ ಹೂವನ್ನೂ ಎಡಗೈಯಲ್ಲಿ ಹಾಕಲು ಹೋಗುತ್ತಿದ್ದಳು, ನಾನು ಮಣಿಕಟ್ಟು ಹಿಡಿಯುತ್ತಿದ್ದೆ. ಒಂದು ದಿನ ಯಜಮಾನರ ಮನೆಯಲ್ಲಿ ಕೂತಿದ್ದಾಗ ಅವರು ಬಲಗೈಯಲ್ಲಿ ತಮ್ಮ ಆ ಹಾಡು ಬಾರಿಸುತ್ತಿದ್ದರು. ಇವಳು ಹೋಗಿ ಪಕ್ಕದಲ್ಲಿ ಕೂತು ಎಡಗೈಯಲ್ಲಿ ದಂ ಚಕ್, ದಂ ಚಕ್ ಎಂದು ಶುರು ಮಾಡಿದಳು. ಅಷ್ಟು ದಿನ ಕೇಳಿ ಕೇಳಿ ಕಿವಿಯಲ್ಲಿ ಕೂತಿತ್ತೇನೋ. ಯಜಮಾನರು ಬಾರಿಸುವುದನ್ನು ನಿಲ್ಲಿಸಲಿಲ್ಲ. ಅವರ ಗಲ್ಲದ ಮೇಲೆ ನೀರು ಇಳಿಯಿತು, ಚಟ್ನಿಪುಡಿ ತಿನ್ನದೇನೇ.

"ಇವಳ ಕೈ ಪರೇಡ್ ಮಾಡೋದೇ ಇಲ್ಲ! ಹುಟ್ಟಿದಾಗ್ಲಿಂದ ನಡೀತಿದೆ!" ಎಂದರಂತೆ. ಮೊಮ್ಮಗಳು ನನ್ನ ಕಡೆ ತಿರುಗಿ ಗಲ್ಲ ಎತ್ತಿ ಅದನ್ನು ಕನ್ನಡದಲ್ಲಿ ಹೇಳಿದಳು, ಒಂದಕ್ಷರವನ್ನೂ ನುಂಗಲಿಲ್ಲ. ಆಮೇಲೆ, "ಸೀ, ಅಜ್ಜಿ? ಮೈ ಲೆಫ್ಟ್ ಹ್ಯಾಂಡ್ ಈಸ್ ಗುಡ್."

ಅವತ್ತಿನಿಂದ ನಾನು ಆ ಕೈಯನ್ನು ಬಯ್ಯುವುದು ಬಿಟ್ಟೆ.

ಚಳಿಗಾಲ ಕಳೆದು, ಬೇಸಿಗೆ ಕಳೆದು, ಮರದೆಲೆ ಕೆಂಪಾಗುವ ಹೊತ್ತಿಗೆ ಅವರಿಬ್ಬರೂ ಆ ಹಾಡನ್ನು ಹಾಸುಹೊಕ್ಕು ಮಾಡಿದ್ದರು. ಇವಳು ಎಡಗೈ, ಅವರು ಬಲಗೈ. ಅಷ್ಟರಲ್ಲಿ ಹ್ಯಾಂಬರ್ಗಿನಲ್ಲಿದ್ದ ತಂಗಿ ಇವರನ್ನು ಕರೆದಳು, ಒಬ್ಬನೇ ಎಷ್ಟು ದಿನ ಇರುತ್ತೀಯ, ಬಂದುಬಿಡು ಎಂದು. ಇವರೂ ಒಪ್ಪಿದರು. ಹೋಗುವ ಮುಂಚೆ ಒಂದು ಭಾನುವಾರ ಮಧ್ಯಾಹ್ನ ಊರಿನ ಲೈಬ್ರರಿಯ ಹಾಲಿನಲ್ಲಿ ಕಾರ್ಯಕ್ರಮ ಎಂದಾಯಿತು, ಅದಾದ ಬುಧವಾರ ವಿಮಾನ. ಲೈಬ್ರರಿಯ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ಕೊನೆಯ ಹಾಡಿನ ಮುಂದೆ ಅವರ ಹೆಸರು, ಪಕ್ಕದಲ್ಲಿ ನನ್ನ ಮೊಮ್ಮಗಳ ಹೆಸರು. ಮಗಳು ಅದನ್ನು ಓದಿ ಹೇಳಿದಳು. ನಾನು ದಿನಾ ಆ ಕಡೆ ವಾಕಿಂಗ್ ಹೋಗಿ ಅದನ್ನು ಮುಟ್ಟಿ ಬರುತ್ತಿದ್ದೆ.

"ಜರಿ ಲಂಗ ಹಾಕ್ಕೊಂಡು ಬಾರಿಸ್ಬೇಕು" ಎಂದೆ ನಾನು.

"ನೋ ವೇ, ಅಜ್ಜಿ! ಐ ವಿಲ್ ಲುಕ್ ಲೈಕ್ ಎ ಕರ್ಟನ್!"

"ಪರದೆ ಥರ ಕಂಡ್ರೆ ಕಾಣ್ಲಿ. ನಮ್ಮ ಕಿಟಕಿಗೆ ನಮ್ಮ ಪರದೆ."

ಕಾರ್ಯಕ್ರಮಕ್ಕೆ ಮುಂಚಿನ ಗುರುವಾರ ಬೆಳಗಿನ ಜಾವ ಊರಿನಿಂದ ಫೋನ್ ಬಂತು. ನಮ್ಮ ಭಾವನವರು, ನಮ್ಮ ಯಜಮಾನರ ಅಣ್ಣ, ಹೋಗಿಬಿಟ್ಟರು. ನನ್ನನ್ನು ಮಗಳ ಹಾಗೆ ನೋಡಿಕೊಂಡ ಹಿರಿಯರು. ತಲೆಗೆ ನೀರು ಹಾಕಿಕೊಂಡು ಮೂಲೆಯಲ್ಲಿ ಕೂತೆ. ನನಗೆ ಹತ್ತು ದಿನ ಸೂತಕ. ದೇವರ ದೀಪ ಹಚ್ಚುವ ಹಾಗಿಲ್ಲ, ಯಾರ ಮನೆಗೂ ಹೋಗುವ ಹಾಗಿಲ್ಲ, ಯಾರಿಗೂ ಏನೂ ಕೊಡುವ ಹಾಗಿಲ್ಲ, ಶುಭ ಕಾರ್ಯ ದೂರವಾಯಿತು.

ಅಳಿಯಂದಿರು ಆವತ್ತು ಆಫೀಸಿಗೆ ಹೋಗಲಿಲ್ಲ. ನನ್ನ ಎದುರಿಗೆ ಬಂದು ನೆಲದ ಮೇಲೇ ಕೂತರು.

"ಅತ್ತೆ, ನೀವೊಬ್ರೇ ಹೀಗೆ ಬೇರೆ ಕೂತ್ಕೋಬಾರ್ದು. ಇದು ನಿಮ್ಮನೆ. ಸೂತಕ ಹಿಡಿದ್ರೆ ಇಡೀ ಮನೆಗೇ ಹಿಡಿಯೋಣ."

"ಭಾನುವಾರ ಪಾಪುಂದು ಪ್ರೋಗ್ರಾಂ ಇದೆಯಲ್ರೀ" ಎಂದಳು ಮಗಳು ಮೆಲ್ಲಗೆ.

"ಹಿರಿಯರು ಹೋಗಿದಾರೆ. ಮೂರನೇ ದಿನಕ್ಕೆ ಮಗು ಪಿಯಾನೋ ಬಾರಿಸ್ತು ಅಂದ್ರೆ ಅತ್ತೆ ಮನಸ್ಸಿಗೆ ಹೇಗಾಗುತ್ತೆ?"

"ಬಟ್ ಐ ಡೋಂಟ್ ಈವನ್ ನೋ ಹಿಮ್!" ಎಂದು ಮೊಮ್ಮಗಳು ಕಾಲು ನೆಲಕ್ಕೆ ಬಡಿದಳು.

ಅಳಿಯಂದಿರು ನನ್ನ ಮುಖ ನೋಡಿದರು. ಅವಳು ಹೋಗಲಿ ಬಿಡಿ ಎಂದು ನಾನು ಹೇಳಲಿ ಎಂದು ಕಾದಿದ್ದರೋ ಏನೋ, ಈಗ ಅನ್ನಿಸುತ್ತದೆ. ಆಗ ನನಗೆ ಕಂಡದ್ದೇ ಬೇರೆ. ನಮ್ಮ ಕಡೆಯ ಸಾವಿಗೆ ಅಳಿಯನಾದವರು ತಮ್ಮ ಮನೆಯನ್ನೇ ಸೂತಕಕ್ಕೆ ಕೂರಿಸಿದ್ದಾರೆ. ಅದರ ಮೇಲೆ ನಾನು ಬಾಯಿ ಹಾಕಿ ಹಾಡಿಗೆ ಕಳಿಸಿ ಎಂದರೆ, ಅವರ ದೊಡ್ಡ ಮನಸ್ಸಿಗೆ ಮಣ್ಣೆರಚಿದ ಹಾಗಲ್ಲವೇ? ತಲೆ ತಗ್ಗಿಸಿದೆ. ಅವರು ಅದನ್ನು ಒಪ್ಪಿಗೆ ಎಂದುಕೊಂಡರು. ಮಗುವಿಗೆ ನಿಜವಾಗಿ ಸೂತಕ ಉಂಟೇ ಎಂದು ಕೇಳುವ ಯೋಚನೆ ಯಾರಿಗೂ ಬರಲಿಲ್ಲ. ಬಂದಿದ್ದರೂ ಯಾರನ್ನು ಕೇಳುವುದು? ನಮ್ಮ ಮನೆತನದಲ್ಲಿ ಯಾರಿಗೆ ಎಷ್ಟು ದಿನ ಎಂದು ಬಾಯಿಪಾಠ ಹೇಳುತ್ತಿದ್ದವರು ಒಬ್ಬರೇ, ಆ ಭಾವನವರು. ಈಗ ಹೋಗಿದ್ದವರೂ ಅವರೇ.

ಅಳಿಯಂದಿರೇ ಪಕ್ಕದ ಮನೆಗೆ ಹೋಗಿ ತಿಳಿಸಿದರು. ಯಜಮಾನರು ಒಂದು ಪ್ರಶ್ನೆ ಕೇಳಲಿಲ್ಲವಂತೆ. "ನಮ್ಮನೇಲೂ ಸಾವಾದ್ರೆ ನಮ್ಮಮ್ಮ ಪಿಯಾನೋ ಮುಚ್ಚಳ ಹಾಕ್ತಿದ್ಲು. ನೀವು ಮಾಡಿದ್ದೇ ಸರಿ. ಅಜ್ಜಿಗೆ ಹೇಳಿ, ನಾನೂ ಇವತ್ತು ಬಾರಿಸೋಲ್ಲ" ಎಂದರಂತೆ. ಆವತ್ತು ಗೋಡೆಯ ಆಚೆ ಏನೂ ಕೇಳಲಿಲ್ಲ. ಕಾರ್ಯಕ್ರಮಕ್ಕೆ ಮೂರು ದಿನವಿದೆ, ಅವರು ನಮ್ಮ ಸಾವಿಗೆ ತಮ್ಮ ಕೈ ಕಟ್ಟಿಕೊಂಡು ಕೂತಿದ್ದಾರೆ. ಆ ನಿಶ್ಶಬ್ದವನ್ನು ಕೇಳುತ್ತಾ ನಾನು ಈಚೆ ಕೂತಿದ್ದೆ. ಒಬ್ಬರಿಗಿಂತ ಒಬ್ಬರು ಒಳ್ಳೆಯವರು ನಾವು. ಒಬ್ಬರಾದರೂ ಸ್ವಲ್ಪ ಮರ್ಯಾದೆಗೆಟ್ಟವರಾಗಿದ್ದರೆ ಆಗುತ್ತಿತ್ತು.

ಭಾನುವಾರ ಮಧ್ಯಾಹ್ನ ಮೊಮ್ಮಗಳು ಮಂಚದ ಕೆಳಗೆ ಹೋಗಿ ಮಲಗಿಬಿಟ್ಟಳು. ಕರೆದರೆ ಬರಲಿಲ್ಲ. ಅಲ್ಲಿಂದಲೇ ನೆಲದ ಮೇಲೆ ಬೆರಳಲ್ಲಿ ದಂ ಚಕ್, ದಂ ಚಕ್ ಎಂದು ಬಡಿಯುತ್ತಿದ್ದಳು.

ಲೈಬ್ರರಿಯ ಹಾಲಿನಲ್ಲಿ ನಡೆದದ್ದನ್ನು ಮೇಲಿನ ಮನೆಯ ಗುಜರಾತಿ ಹುಡುಗಿ ಬಂದು ಮಗಳಿಗೆ ಹೇಳಿದಳು. ಕುರ್ಚಿಯೆಲ್ಲ ತುಂಬಿತ್ತಂತೆ. ಯಜಮಾನರು ಬಲಗೈ ಒಂದರಲ್ಲೇ ಹಳೆಯ ಹಾಡುಗಳನ್ನು ಬಾರಿಸಿದರಂತೆ, ಕತೆ ಹೇಳಿದರಂತೆ, ಪರೇಡಿನ ಕತೆಗೆ ಜನ ನಕ್ಕರಂತೆ. ಕೊನೆಗೆ ಕಾಗದದಲ್ಲಿದ್ದ ಹಾಡು ಎಲ್ಲಿ ಎಂದು ಯಾರೋ ಕೇಳಿದರು. ಅದಕ್ಕೆ ಅವರು, "ಅದು ಇಬ್ಬರ ಹಾಡು. ಇನ್ನೊಬ್ಬರ ಮನೆಯಲ್ಲಿ ದುಃಖವಿದೆ" ಎಂದು ಹೇಳಿ, ಮುಚ್ಚಳ ಹಾಕಿ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಇಳಿದುಬಿಟ್ಟರಂತೆ.

ಬುಧವಾರ ಬೆಳಿಗ್ಗೆ ಸ್ಕೂಲ್ ಬಸ್ಸು ಬರುವ ಮುಂಚೆ ನಮ್ಮ ಬಾಗಿಲಿಗೆ ಬಂದರು. ಕೋಟು, ಹ್ಯಾಟು, ಆ ರೆಕಾರ್ಡಿನ ಮೇಲಿನ ಫೋಟೋದ ಹಾಗೆ, ವಯಸ್ಸೊಂದು ಬೇರೆ. ಹೊಸ್ತಿಲ ಆಚೆಯೇ ನಿಂತರು, ಸಾವಿನ ಮನೆಯವರಿಗೆ ತೊಂದರೆ ಕೊಡಬಾರದೆಂದು. ನಾನು ಹೊಸ್ತಿಲ ಈಚೆಯೇ ನಿಂತೆ, ದೂರದೇಶಕ್ಕೆ ಹೊರಟವರಿಗೆ ನನ್ನ ಸೂತಕ ತಾಗಬಾರದೆಂದು. ಒಳಗೆ ಬನ್ನಿ ಎನ್ನಲಿಲ್ಲ, ಕಾಫಿ ಕೊಡಲಿಲ್ಲ. ಅವರಿಗೆಂದೇ ಕುಟ್ಟಿ ಶೀಶೆಗೆ ತುಂಬಿಟ್ಟಿದ್ದ ಚಟ್ನಿಪುಡಿ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ನಮ್ಮ ಮನೆಗೆ ಬಂದ ಭಿಕ್ಷುಕ ಕೂಡ ಬರಿಗೈಯಲ್ಲಿ ಹೋದದ್ದಿಲ್ಲ. ಅವರು ಹೋದರು.

ಮೊಮ್ಮಗಳ ಕೈಗೆ ಒಂದು ಕ್ಯಾಸೆಟ್ ಕೊಟ್ಟರು. ಅದರಲ್ಲಿ ಆ ಹಾಡಿನ ಬಲಗೈ ಮಾತ್ರ ಇತ್ತು, ಮನೆಯಲ್ಲಿ ಕೂತು ತುಂಬಿಸಿದ್ದು. "ನನ್ನ ಕೈ ಇಲ್ಲಿದೆ. ನಿನ್ನ ಕೈ ನಿಲ್ಲಿಸಬೇಡ" ಎಂದರಂತೆ. ಅವಳು ಎಡಗೈಯಲ್ಲಿ ತೆಗೆದುಕೊಂಡಳು.

ಹತ್ತು ದಿನ ಮುಗಿದು ಸ್ನಾನವಾದ ಮೇಲೆ ಅಳಿಯಂದಿರು ನಮ್ಮನ್ನೆಲ್ಲ ನ್ಯೂಯಾರ್ಕಿನ ಫ್ಲಶಿಂಗ್‌ನ ಗಣೇಶನ ಗುಡಿಗೆ ಕರೆದುಕೊಂಡು ಹೋದರು. ಅರ್ಚನೆಗೆ ಕೊಡುವಾಗ ಅರ್ಚಕರು, ತುಂಬಾ ದಿನವಾಯಿತಲ್ಲ ಬಂದು ಎಂದರು. ಮಗಳು ಸೂತಕದ ವಿಷಯ ಹೇಳಿದಳು.

"ಯಾರಿಗಮ್ಮ ಸೂತಕ?"

"ಎಲ್ಲರಿಗೂ. ಅಮ್ಮನ ಭಾವನವರು ಹೋಗಿದ್ದು."

"ಎಲ್ಲರಿಗೂ ಅಂದ್ರೆ ಹೇಗೆ? ನಿಮ್ಮಮ್ಮನಿಗೆ ಹೌದು, ಹತ್ತು ದಿನ. ನೀವು ಮದುವೆ ಮಾಡಿ ಕೊಟ್ಟ ಹೆಣ್ಣುಮಗಳು, ನಿಮಗೆ ಹೆಚ್ಚಂದ್ರೆ ಒಂದೆರಡು ದಿನದಲ್ಲಿ ಮುಗೀತು. ನಿಮ್ಮ ಯಜಮಾನರಿಗೂ ಈ ಮಗುಗೂ ಎಂಥ ಸೂತಕ? ಅವರ ಗೋತ್ರವೇ ಬೇರೆ. ಮಗು ಆವತ್ತೇ ಎಲ್ಲಿಗೆ ಬೇಕಾದ್ರೂ ಹೋಗಬಹುದಿತ್ತಲ್ಲ!"

ಅವರು ಅಂದದ್ದು ಇಷ್ಟೇ, ನಗುನಗುತ್ತಾ, ತಟ್ಟೆಗೆ ಹೂವು ಹಾಕುತ್ತಾ. ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಂದು ಮುಂದಿಟ್ಟುಕೊಂಡು ಯಾರೂ ಮುಟ್ಟಲಿಲ್ಲ.

"ಏನಂದ್ರು ಅವ್ರು?" ಎಂದು ಮೊಮ್ಮಗಳು ಕೇಳಿದಳು. ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಮಗು ಸಾಂಬಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ದೆನ್ ಐ ಕುಡ್ ಹ್ಯಾವ್ ಗಾನ್?" ಎಂದಳು.

ಅಳಿಯಂದಿರು ಎದ್ದು ಕೈತೊಳೆಯಲು ಹೋದರು. ಕೈಯಲ್ಲಿ ಏನೂ ಅಂಟಿರಲಿಲ್ಲ. ವಾಪಸ್ಸು ಬರುವಾಗ ಸೇತುವೆ ದಾಟಿದ ಮೇಲೆ ತಿರುಗಬೇಕಾದ ಕಡೆ ತಿರುಗದೆ ಎಷ್ಟೋ ದೂರ ಹೋಗಿಬಿಟ್ಟರು. "ಅತ್ತೆ, ನಾನು..." ಎಂದರು ಒಂದು ಸಲ. "ನೀವು ಒಳ್ಳೇದಕ್ಕೇ ಮಾಡಿದ್ರಿ" ಎಂದೆ. ನಿಜವೂ ಅದೇ. ಅದಕ್ಕೇ ಇವತ್ತಿಗೂ ಯಾರ ಮೇಲೆ ಕೋಪ ಮಾಡಿಕೊಳ್ಳುವುದು ಎಂದು ನನಗೆ ತಿಳಿಯದು.

ಪಿಯಾನೋವನ್ನು ಯಜಮಾನರು ಮೊಮ್ಮಗಳಿಗೆ ಬಿಟ್ಟುಹೋಗಿದ್ದರು. ಅಳಿಯಂದಿರ ನಾಲ್ಕು ಜನ ಸ್ನೇಹಿತರು ಸೇರಿ, "ಏನ್ ಸಾರ್ ಇದು, ಆನೆಮರಿ ಸಾಕ್ತೀರಾ?" ಎಂದು ಬಯ್ದುಕೊಂಡೇ ಹೊತ್ತು ತಂದು ಅದೇ ಗೋಡೆಗೆ, ಈ ಕಡೆಯಿಂದ, ಇಟ್ಟರು. ದಿನಾ ಸ್ಕೂಲಿನ ಮೇಲೆ ಮೊಮ್ಮಗಳು ಟೇಪ್ ರೆಕಾರ್ಡರಿನಲ್ಲಿ ಆ ಕ್ಯಾಸೆಟ್ ಹಾಕಿ ಎಡಗೈ ಸೇರಿಸುತ್ತಿದ್ದಳು. ಹಾಗೆ ಎರಡನ್ನೂ ಸೇರಿಸಿದ್ದನ್ನು ಇನ್ನೊಂದು ಕ್ಯಾಸೆಟ್ಟಿಗೆ ತುಂಬಿ ಹ್ಯಾಂಬರ್ಗಿಗೆ ಕಳಿಸಿದೆವು. ಜೊತೆಗೆ ಚಟ್ನಿಪುಡಿಯನ್ನೂ ಇಟ್ಟೆ. ಆ ಚಳಿಗಾಲ ಕಳೆಯುವ ಹೊತ್ತಿಗೆ ತಂಗಿಯಿಂದ ಕಪ್ಪು ಅಂಚಿನ ಒಂದು ಕಾರ್ಡು ಬಂತು. ಯಜಮಾನರು ನಿದ್ದೆಯಲ್ಲೇ ಹೋಗಿದ್ದರು. ಕ್ಯಾಸೆಟ್ ತಲುಪಿತ್ತೇ, ಕೇಳಿದರೇ, ಅದರಲ್ಲಿ ಇರಲಿಲ್ಲ. ಅಳಿಯಂದಿರು ಬರೆದು ಕೇಳಿದರು. ಉತ್ತರ ಬರಲಿಲ್ಲ.

ಕಾರ್ಡು ಬಂದ ದಿನ ಮೊಮ್ಮಗಳು ಪಿಯಾನೋ ಮುಂದೆ ನಿಂತುಕೊಂಡೇ ಇದ್ದಳು.

"ಅಜ್ಜಿ, ಈಗ ನಂಗೆ ಸೂತಕ ಇದ್ಯಾ?"

"ಇಲ್ಲ ಕಂದ."

"ಆರ್ ಯು ಶೂರ್?"

"ಖಂಡಿತ ಇಲ್ಲ. ಬಾರಿಸು."

ಬಾರಿಸಿದಳು, ಎಡಗೈಯಲ್ಲಿ. ಬಲಗೈ ಕ್ಯಾಸೆಟ್ಟಿನಲ್ಲಿ. ಹೀಗೇ ವರ್ಷಗಳು ಹೋದವು. ಬೇರೆ ಟೀಚರ ಹತ್ತಿರ ಬೇರೆ ಹಾಡುಗಳನ್ನು ಎರಡು ಕೈಯಲ್ಲಿ ಕಲಿತಳು. ಈ ಹಾಡಿಗೆ ಮಾತ್ರ ಬಲಗೈ ಇಡುತ್ತಿರಲಿಲ್ಲ. ಯಾಕೆ ಎಂದರೆ, "ಅದು ತಾತಂದು" ಎನ್ನುತ್ತಿದ್ದಳು.

ಹೋದ ವರ್ಷ ಒಂದು ದಿನ ಟೇಪ್ ರೆಕಾರ್ಡರು ಆ ಕ್ಯಾಸೆಟ್ಟನ್ನು ನುಂಗಿತು. ಕೀಂಯ್ ಎಂದು ಅರಚಿ ನಿಂತಿತು. ತೆಗೆದರೆ ಕಂದು ದಾರ ಶಾವಿಗೆಯ ಹಾಗೆ ಎಳೆ ಎಳೆಯಾಗಿ ಕೈಗೆ ಬಂತು. ಅಳಿಯಂದಿರು ಪೆನ್ಸಿಲ್ ಹಾಕಿ ತಿರುಗಿಸಿದರು, ಅಂಟಿಸಿದರು, ಇಡೀ ಸಾಯಂಕಾಲ ಆ ಶಾವಿಗೆಯನ್ನು ಬಿಡಿಸುತ್ತಾ ಕೂತರು. ಆಗಲಿಲ್ಲ. ಹದಿಮೂರು ವರ್ಷದ ಹುಡುಗಿ, ಮೊದಲಿನ ಹಾಗೆ ಮಂಚದ ಕೆಳಗೆ ಹೋಗುವ ವಯಸ್ಸಲ್ಲ. ಬಾಗಿಲು ಹಾಕಿಕೊಂಡು ಅತ್ತಳು. ನಾನು ಅಡುಗೆಮನೆಯಲ್ಲಿ ಕುಟ್ಟಾಣಿ ತೆಗೆದೆ. ಮಾಡಲು ಬೇರೇನೂ ತೋಚಲಿಲ್ಲ. ಠಣ್ ಠಣ್ ಎಂದು ಕುಟ್ಟುತ್ತಾ ಇದ್ದೆ. ಸ್ವಲ್ಪ ಹೊತ್ತಿಗೆ ಅವಳ ಬಾಗಿಲು ತೆರೆಯಿತು. ಪಿಯಾನೋ ಸ್ಟೂಲು ಎಳೆದ ಶಬ್ದ. ದಂ ಚಕ್, ದಂ ಚಕ್. ಆಮೇಲೆ ಅದರ ಮೇಲೆ ಮಾತುಗಾತಿ ಮಾತಾಡಲು ಶುರು ಮಾಡಿದಳು. ಮೊದಲು ತೊದಲುತ್ತಾ, ಆಮೇಲೆ ನಗುತ್ತಾ. ಅಷ್ಟು ವರ್ಷ ಪಕ್ಕದಲ್ಲೇ ಇಟ್ಟುಕೊಂಡು ಕೇಳಿದ್ದು, ಕೈಗೆ ಬಾರದೆ ಎಲ್ಲಿಗೆ ಹೋಗುತ್ತದೆ? ಅಳಿಯಂದಿರು ಪೆನ್ಸಿಲ್ ಹಿಡಿದುಕೊಂಡೇ ಬಂದು ನನ್ನ ಪಕ್ಕದಲ್ಲಿ ನಿಂತರು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಅಷ್ಟು ಹತ್ತಿರ ನಿಂತದ್ದು ಅದೇ ಮೊದಲಿರಬೇಕು.

ಅದನ್ನೇ ಅವಳು ಮೊನ್ನೆ ಶುಕ್ರವಾರ ಬಾರಿಸಿದ್ದು. ಬಾರಿಸುವ ಮುಂಚೆ ಅವಳ ಟೀಚರು ಮೈಕಿನ ಮುಂದೆ ಬಂದು ಹಾಡನ್ನು ಕಟ್ಟಿದವರು ಯಾರು ಎಂದು ಹೇಳಿದರು. ಪಿಯಾನೋ ಯಜಮಾನರ ಪೂರ್ತಿ ಹೆಸರು, ಊರು ಹ್ಯಾಂಬರ್ಗ್ ಎಂದು ಸೇರಿಸಿ, ನಿಧಾನವಾಗಿ, ಸ್ಪಷ್ಟವಾಗಿ. ಅಷ್ಟು ದೊಡ್ಡ ಹಾಲಿನಲ್ಲಿ ಅದು ಗೋಡೆಗೆ ತಗುಲಿ ವಾಪಸ್ಸು ಬಂತು. ನನಗೆ ಇಂಗ್ಲಿಷ್ ಬಾರದಿದ್ದರೂ ಅಷ್ಟು ಮಾತ್ರ ಕೇಳಿಸಿತು. ಇದನ್ನು ಕೇಳಬೇಕಾಗಿದ್ದ ಕಿವಿ ಎರಡೇ. ಮಿಕ್ಕ ಕಿವಿಗಳೆಲ್ಲ ಅಲ್ಲಿದ್ದವು, ಆ ಎರಡು ಇರಲಿಲ್ಲ. ಚಪ್ಪಾಳೆ ಮುಗಿಯುವವರೆಗೂ ಅಳಿಯಂದಿರು ತಲೆ ಎತ್ತಲಿಲ್ಲ. ನಾನಂತೂ ಕೂಗಿಯೇಬಿಟ್ಟೆ, ಏನು ಕೂಗಿದೆನೋ ದೇವರಿಗೇ ಗೊತ್ತು, ಮುಂದಿನ ಸಾಲಿನವರು ತಿರುಗಿ ನೋಡಿದರು.

ಎಲ್ಲ ಮುಗಿದ ಮೇಲೆ ಜನರನ್ನು ದಾಟಿಕೊಂಡು ಆ ಟೀಚರ ಹತ್ತಿರ ಹೋದೆ. ಹ್ಯಾಂಡ್‌ಬ್ಯಾಗಿನಲ್ಲಿ ಚಟ್ನಿಪುಡಿಯ ಶೀಶೆ ಇತ್ತು. ಹೊರಡುವಾಗ ಯಾಕೆ ಇಟ್ಟುಕೊಂಡೆ, ಯಾರಿಗೆಂದು ಇಟ್ಟುಕೊಂಡೆ, ನನಗೇ ಗೊತ್ತಿರಲಿಲ್ಲ. ತೆಗೆದು ಅವರ ಕೈಗೆ ಕೊಟ್ಟೆ. ಅವರು ಶೀಶೆಯನ್ನು ಮೇಲೆ ಕೆಳಗೆ ಮಾಡಿ ನೋಡಿದರು.

"ಓ ಮೈ ಗಾಡ್, ಅಜ್ಜಿ! ಸೋ ಎಂಬ್ಯಾರಸಿಂಗ್!" ಎಂದು ಮೊಮ್ಮಗಳು ನನ್ನ ತೋಳು ಹಿಡಿದು ಎಳೆದಳು.

"ಬೆಣ್ಣೆ ಸವರಿದ ಬ್ರೆಡ್ಡಿಗೆ ಹಾಕ್ಕೋಬೇಕು ಅಂತ ಹೇಳು ಅವ್ರಿಗೆ" ಎಂದೆ.